ಸೋತ ಮೇಲೆ ರಾಜೀನಾಮೆ: ನಮ್ಮ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆ ನವನಗರದಲ್ಲಿ ನನ್ನದೊಂದು ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ಇದೆ. ಅರ್ಜಿ, ಕರಾರು ಪತ್ರ, ಮದುವೆ ಕಾರ್ಡು ಇವೇ ದಿನದ ಕೆಲಸ. ಚುನಾವಣೆ ಬಂತೆಂದರೆ ಕರಪತ್ರ. ಎಲ್ಲಾ ಪಕ್ಷದವರೂ ಬರುತ್ತಾರೆ. ಎಣಿಕೆ ಮುಗಿದ ವಾರ ರಾಜೀನಾಮೆ ಪತ್ರ ಟೈಪ್ ಮಾಡಿಸಲು ಬರುವವರೂ ಇರುತ್ತಾರೆ. ಆ ವಾರ ಅಂಗಡಿಯ ಬೆಂಚಿನ ಮೇಲೆ ಕೂತವರು ಕೇಳುವ ಮೊದಲ ಮಾತು: "ಅಧ್ಯಕ್ಷ್ರು ರಾಜೀನಾಮಿ ಕೊಟ್ರಂತಲ್ರೀ, ಇನ್ನ ಮುಂದೇನು?" ವರ್ಷಗಟ್ಟಲೆ ಅದಕ್ಕೆ ಉತ್ತರ ಹೇಳುತ್ತಾ ಬಂದಿದ್ದೇನೆ. ಒಮ್ಮೆ ಬರೆದೇ ಇಡೋಣ ಅನ್ನಿಸಿತು. ನಾನು ಯಾವ ಪಕ್ಷದ ಸದಸ್ಯನೂ ಅಲ್ಲ.

ಚುನಾವಣೆ ಸೋತರೆ ಪಕ್ಷದ ನಾಯಕ ರಾಜೀನಾಮೆ ಕೊಡಲೇಬೇಕು ಅಂತ ಕಾನೂನು ಇದೆಯಾ?

ಇಲ್ಲ. ಪಕ್ಷದ ಅಧ್ಯಕ್ಷರು ಎಷ್ಟು ಸಲ ಸೋತರೂ ಕುರ್ಚಿ ಬಿಡಿ ಎಂದು ಹೇಳುವ ಕಾನೂನು ನಮ್ಮಲ್ಲಿಲ್ಲ. ಅದು ಪಕ್ಷದ ಮನೆಯೊಳಗಿನ ಮಾತು. ಬಿಟ್ಟರೆ ಮರ್ಯಾದೆ, ಬಿಡದಿದ್ದರೆ ಜನ ಆಡಿಕೊಳ್ಳುತ್ತಾರೆ, ಅಷ್ಟೇ.

ಮುಖ್ಯಮಂತ್ರಿಯ ವಿಷಯ ಬೇರೆ. ಸದನದಲ್ಲಿ ಬಹುಮತ ಇಲ್ಲದವರು ಆ ಕುರ್ಚಿಯಲ್ಲಿ ಕೂರುವಂತಿಲ್ಲ. 2023ರ ಮೇ 13ರಂದು ಕಾಂಗ್ರೆಸ್‌ಗೆ 135, ಬಿಜೆಪಿಗೆ 66, ಜೆಡಿಎಸ್‌ಗೆ 19 ಸ್ಥಾನ ಬಂದವು. ಬಸವರಾಜ ಬೊಮ್ಮಾಯಿ ಅವರು ಅದೇ ರಾತ್ರಿ ರಾಜ್ಯಪಾಲರ ಬಳಿ ಹೋಗಿ ರಾಜೀನಾಮೆ ಕೊಟ್ಟರು. ಅವರ ಮುಂದೆ ಬೇರೆ ದಾರಿ ಇರಲಿಲ್ಲ. ಆಗ ಬಿಜೆಪಿ ರಾಜ್ಯಾಧ್ಯಕ್ಷರಾಗಿದ್ದವರು ನಳಿನ್ ಕುಮಾರ್ ಕಟೀಲ್. ಅವರ ಜಾಗಕ್ಕೆ ಬಿ.ವೈ. ವಿಜಯೇಂದ್ರ ಅವರ ಹೆಸರು ಬಂದದ್ದು ನವೆಂಬರ್ 10ಕ್ಕೆ. ಸೋಲು ಒಂದೇ. ಸರ್ಕಾರದ ಹುದ್ದೆ ಅದೇ ರಾತ್ರಿ ಖಾಲಿಯಾಯಿತು, ಪಕ್ಷದ ಹುದ್ದೆ ಬದಲಾಗಲು ಸುಮಾರು ಆರು ತಿಂಗಳು ಹಿಡಿಯಿತು.

ರಾಜೀನಾಮೆ ಯಾರ ಕೈಗೆ ಕೊಡಬೇಕು?

ಹುದ್ದೆ ಕೊಟ್ಟವರ ಕೈಗೆ. ಮುಖ್ಯಮಂತ್ರಿ ಆದರೆ ರಾಜ್ಯಪಾಲರಿಗೆ. ಶಾಸಕರಾದರೆ ವಿಧಾನಸಭೆಯ ಸ್ಪೀಕರ್‌ಗೆ. ಪಕ್ಷದ ರಾಜ್ಯಾಧ್ಯಕ್ಷರಾದರೆ ಪಕ್ಷದ ರಾಷ್ಟ್ರೀಯ ಅಧ್ಯಕ್ಷರಿಗೆ. ಜಿಲ್ಲೆ, ಬ್ಲಾಕ್ ಮಟ್ಟದವರು ತಮ್ಮ ಮೇಲಿನವರಿಗೆ. ಗ್ರಾಮ ಪಂಚಾಯ್ತಿ ಅಧ್ಯಕ್ಷರು ಉಪವಿಭಾಗಾಧಿಕಾರಿಗೆ, ಅಂದರೆ ನಾವು ಎಸಿ ಸಾಹೇಬ್ರು ಅನ್ನುತ್ತೇವಲ್ಲ, ಅವರಿಗೆ ಕೊಡಬೇಕು. ಗ್ರಾಮ ಪಂಚಾಯ್ತಿ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯುವುದಿಲ್ಲ. ಹಾಗಾಗಿ ಅಲ್ಲಿನ ರಾಜೀನಾಮೆಗೂ ಪಕ್ಷಕ್ಕೂ ಕಾನೂನಿನ ಪ್ರಕಾರ ಸಂಬಂಧವಿಲ್ಲ.

ಚುನಾವಣಾ ಆಯೋಗಕ್ಕೆ ಯಾರೂ ರಾಜೀನಾಮೆ ಕೊಡುವುದಿಲ್ಲ. ಪಕ್ಷದ ಪದಾಧಿಕಾರಿಗಳು ಬದಲಾದರೆ ಆಯೋಗಕ್ಕೆ ತಿಳಿಸಬೇಕು ಎಂದು 1951ರ ಜನಪ್ರತಿನಿಧಿ ಕಾಯ್ದೆ ಹೇಳುತ್ತದೆ. ತಿಳಿಸುವುದು ಬೇರೆ, ಒಪ್ಪಿಗೆ ಕೇಳುವುದು ಬೇರೆ.

ಟಿವಿಯಲ್ಲಿ "ರಾಜೀನಾಮೆ ಕೊಟ್ಟರು" ಅಂತ ಬರುತ್ತೆ. ಆಮೇಲೂ ಅವರೇ ಇರ್ತಾರಲ್ಲ, ಯಾಕೆ?

ಈ ಪ್ರಶ್ನೆ ನನ್ನ ಅಂಗಡಿಯಲ್ಲಿ ಅತಿ ಜಾಸ್ತಿ ಕೇಳಿದ್ದು 2019ರ ಡಿಸೆಂಬರ್‌ನಲ್ಲಿ. ಆ ವರ್ಷ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆಯಿತು. ಅದರಲ್ಲಿ ಮೂರು ಬೆಳಗಾವಿ ಜಿಲ್ಲೆಯವು: ಗೋಕಾಕ, ಅಥಣಿ, ಕಾಗವಾಡ. ಡಿಸೆಂಬರ್ 5ಕ್ಕೆ ಮತದಾನ, 9ಕ್ಕೆ ಎಣಿಕೆ. ಮೂರೂ ಕಡೆ ಬಿಜೆಪಿ ಗೆದ್ದಿತು. ಒಟ್ಟು 15ರಲ್ಲಿ ಬಿಜೆಪಿಗೆ 12, ಕಾಂಗ್ರೆಸ್‌ಗೆ ಶಿವಾಜಿನಗರ ಮತ್ತು ಹುಣಸೂರು ಎರಡೇ, ಹೊಸಕೋಟೆಯಲ್ಲಿ ಪಕ್ಷೇತರರು.

ಅದೇ ದಿನ ಸಿದ್ದರಾಮಯ್ಯನವರು ಕಾಂಗ್ರೆಸ್ ಶಾಸಕಾಂಗ ಪಕ್ಷದ ನಾಯಕ ಸ್ಥಾನಕ್ಕೆ ರಾಜೀನಾಮೆ ಕಳಿಸಿದರು. ದಿನೇಶ್ ಗುಂಡೂರಾವ್ ಅವರು ಕೆಪಿಸಿಸಿ, ಅಂದರೆ ರಾಜ್ಯ ಕಾಂಗ್ರೆಸ್ ಸಮಿತಿಯ ಅಧ್ಯಕ್ಷ ಸ್ಥಾನಕ್ಕೆ ಕೊಟ್ಟರು. ಇಬ್ಬರೂ ಒಂದೇ ದಿನ ಕೊಟ್ಟರು, ಕಾರಣವೂ ಒಂದೇ. ಮುಂದೆ ಏನಾಯ್ತು ನೋಡಿ. ಮೂರು ತಿಂಗಳು ದೆಹಲಿಯಿಂದ ಸ್ಪಷ್ಟ ಮಾತು ಬರಲಿಲ್ಲ. 2020ರ ಮಾರ್ಚ್ 11ರಂದು ಡಿ.ಕೆ. ಶಿವಕುಮಾರ್ ಅವರನ್ನು ಕೆಪಿಸಿಸಿ ಅಧ್ಯಕ್ಷರನ್ನಾಗಿ ಮಾಡಿದರು. ಕಾರ್ಯಾಧ್ಯಕ್ಷರಲ್ಲಿ ನಮ್ಮ ಕಡೆಯ ಸತೀಶ ಜಾರಕಿಹೊಳಿ ಅವರೂ ಇದ್ದರು. ಸಿದ್ದರಾಮಯ್ಯನವರು ಮಾತ್ರ ಶಾಸಕಾಂಗ ಪಕ್ಷದ ನಾಯಕರಾಗಿ, ವಿರೋಧ ಪಕ್ಷದ ನಾಯಕರಾಗಿ ಮುಂದುವರಿದರು. ಒಂದು ಪತ್ರ ನಡೆಯಿತು, ಇನ್ನೊಂದು ಪತ್ರ ನಿಂತಿತು.

ಕೊಡುವುದು ಒಂದು, ಅಂಗೀಕಾರ ಆಗುವುದು ಇನ್ನೊಂದು. ಪಕ್ಷದಲ್ಲಿ ಇಷ್ಟು ದಿನದೊಳಗೆ ಅಂಗೀಕರಿಸಬೇಕು ಅಂತ ಗಡುವಿಲ್ಲ. ನನಗೆ ಇದು ಸರಿ ಕಾಣುವುದಿಲ್ಲ. ಒಬ್ಬರು ಹೊಣೆ ಹೊತ್ತು ಪತ್ರ ಕೊಟ್ಟ ಮೇಲೆ ಹೌದು ಅಥವಾ ಇಲ್ಲ ಅನ್ನುವುದು ಮೇಲಿನವರ ಕರ್ತವ್ಯ. ಮೂರು ತಿಂಗಳು ಉತ್ತರ ಕೊಡದೆ ಇಟ್ಟುಕೊಂಡರೆ ಕೆಳಗಿನ ಕಾರ್ಯಕರ್ತ ಯಾರ ಮಾತು ಕೇಳಬೇಕು? ಆ ಮೂರು ತಿಂಗಳು ಅಥಣಿ, ಗೋಕಾಕದ ಹುಡುಗರು ನನ್ನ ಅಂಗಡಿಗೆ ಬಂದಾಗ ಬ್ಯಾನರ್ ಮೇಲೆ ಯಾರ ಫೋಟೋ ಹಾಕಬೇಕು ಅಂತ ಗೊತ್ತಾಗದೆ ಫೋನ್ ಮೇಲೆ ಫೋನ್ ಮಾಡುತ್ತಿದ್ದರು.

ಆಗ ಸಿದ್ದರಾಮಯ್ಯ ಬಾದಾಮಿ ಶಾಸಕರು. ಬಾದಾಮಿಗೂ ಮರುಚುನಾವಣೆ ಅಂತ ಜನ ಓಡಾಡಿದ್ದರಲ್ಲ?

ಹೌದು, ಆ ದಿನ ಬಾದಾಮಿಯಿಂದ ಬಂದವರೊಬ್ಬರು ನನ್ನ ಅಂಗಡಿಯಲ್ಲಿ ನಿಂತು ಗಾಬರಿಯಲ್ಲಿ ಇದನ್ನೇ ಕೇಳಿದ್ದರು. 2018ರಲ್ಲಿ ಸಿದ್ದರಾಮಯ್ಯನವರು ಚಾಮುಂಡೇಶ್ವರಿಯಲ್ಲಿ ಸೋತರು. ಬಾದಾಮಿಯಲ್ಲಿ ಶ್ರೀರಾಮುಲು ಅವರ ವಿರುದ್ಧ 1,696 ಮತಗಳಿಂದ ಗೆದ್ದರು. ಬಾದಾಮಿಯವರು ಆ ಸಂಖ್ಯೆಯನ್ನು ಇನ್ನೂ ಬಾಯಿಪಾಠ ಹೇಳುತ್ತಾರೆ. ಅಷ್ಟು ಕಡಿಮೆ ಅಂತರದಲ್ಲಿ ಉಳಿಸಿಕೊಂಡವರು ರಾಜೀನಾಮೆ ಕೊಟ್ಟರು ಅಂದರೆ ಊರಿಗೆ ಭಯ ಆಗದೆ ಇರುತ್ತದಾ?

ಆದರೆ ಅವರು ಬಿಟ್ಟದ್ದು ಪಕ್ಷ ಕೊಟ್ಟ ನಾಯಕನ ಸ್ಥಾನವನ್ನು, ಜನ ಕೊಟ್ಟ ಶಾಸಕ ಸ್ಥಾನವನ್ನಲ್ಲ. ಶಾಸಕ ಸ್ಥಾನ ಹೋಗಬೇಕಾದರೆ ಸ್ಪೀಕರ್‌ಗೆ ಬೇರೆ ಪತ್ರ ಕೊಡಬೇಕು. ಅದು ಸ್ವಂತ ಇಚ್ಛೆಯಿಂದ ಬಂದದ್ದು, ನಿಜವಾದದ್ದು ಅಂತ ಸ್ಪೀಕರ್‌ಗೆ ಮನವರಿಕೆ ಆಗಬೇಕು. ಸುದ್ದಿ ಓದುವಾಗ "ಯಾವ ಸ್ಥಾನಕ್ಕೆ" ಅನ್ನುವ ಪದ ಹುಡುಕಿ. ಅರ್ಧ ಗೊಂದಲ ಅಲ್ಲಿಗೇ ಮುಗಿಯುತ್ತದೆ.

ಪಕ್ಷದ ಹುದ್ದೆ ಬಿಡುವುದು, ಪಕ್ಷವನ್ನೇ ಬಿಡುವುದು ಎರಡೂ ಒಂದೇನಾ?

ಅಲ್ಲವೇ ಅಲ್ಲ. ಅಧ್ಯಕ್ಷ ಸ್ಥಾನ ಬಿಟ್ಟವರು ಪಕ್ಷದ ಸದಸ್ಯರಾಗಿ ಉಳಿಯುತ್ತಾರೆ. ಶಾಸಕರೊಬ್ಬರು ಪಕ್ಷದ ಸದಸ್ಯತ್ವವನ್ನೇ ಬಿಟ್ಟರೆ ಪಕ್ಷಾಂತರ ನಿಷೇಧ ಕಾನೂನಿನಡಿ ಶಾಸಕ ಸ್ಥಾನಕ್ಕೂ ಕುತ್ತು ಬರುತ್ತದೆ. ಈ ಕಾನೂನು 1985ರಲ್ಲಿ ಬಂತು. 2023ರ ಏಪ್ರಿಲ್‌ನಲ್ಲಿ ಟಿಕೆಟ್ ಸಿಗದೆ ಬಿಜೆಪಿ ಬಿಟ್ಟ ಅಥಣಿಯ ಲಕ್ಷ್ಮಣ ಸವದಿ ಮತ್ತು ಹುಬ್ಬಳ್ಳಿಯ ಜಗದೀಶ ಶೆಟ್ಟರ್ ಇಬ್ಬರೂ ತಮ್ಮ ಸದನದ ಸ್ಥಾನವನ್ನೂ ಬಿಟ್ಟರು. ಸವದಿ ಅವರು ಅಥಣಿಯಲ್ಲಿ ಕಾಂಗ್ರೆಸ್‌ನಿಂದ ಗೆದ್ದರು. ಶೆಟ್ಟರ್ ಅವರು ಸೋತರು, ಆಮೇಲೆ ಬಿಜೆಪಿಗೆ ಮರಳಿ 2024ರಲ್ಲಿ ಬೆಳಗಾವಿ ಸಂಸದರಾದರು.

"ನೈತಿಕ ಹೊಣೆ ಹೊತ್ತು" ಅಂತ ಎಲ್ಲರೂ ಬರೆಯುತ್ತಾರೆ. ಹಾಗಂದ್ರೆ ಏನು?

ತಪ್ಪು ನಾನೊಬ್ಬನೇ ಮಾಡಿದ್ದಲ್ಲದಿದ್ದರೂ ಮುಂದೆ ನಿಂತವನು ನಾನು, ಹಾಗಾಗಿ ಉತ್ತರ ಕೊಡಬೇಕಾದವನೂ ನಾನೇ. ಅರ್ಥ ಇಷ್ಟೇ. ಆದರೆ ಆ ಮಾತಿನ ತೂಕ ನನಗೆ ಗೊತ್ತಾದದ್ದು ಒಂದು ಸಂಜೆ.

ಎಣಿಕೆ ಮುಗಿದು ಮೂರು ದಿನವಾಗಿತ್ತು. ಒಂದು ಪಕ್ಷದ ತಾಲೂಕು ಮಟ್ಟದ ಅಧ್ಯಕ್ಷರು ಅಂಗಡಿಗೆ ಬಂದರು. ಪಕ್ಷದ ಹೆಸರು ಬೇಡ, ಅವರ ಹೆಸರೂ ಬೇಡ. ನನ್ನ ಅಪ್ಪನ ಓರಗೆಯವರು. ನಾನು ಕಾಕಾ ಅಂತಲೇ ಕರೆಯುವುದು. ಹೆಗಲ ಮೇಲೆ ಟವೆಲು, ಕಂಕುಳಲ್ಲಿ ಉದ್ದನೆಯ ನೋಟ್‌ಬುಕ್ಕು. "ತಮ್ಮಾ, ಒಂದು ರಾಜೀನಾಮಿ ಬರದ್ ಕೊಡೊ" ಅಂದರು.

ನನ್ನ ಕಂಪ್ಯೂಟರಿನಲ್ಲಿ ಇಂಥ ಪತ್ರದ ನಮೂನೆ ರೆಡಿ ಇರುತ್ತದೆ. ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದಲ್ಲಿ ತೆರೆದು ಹೆಸರು, ದಿನಾಂಕ ಹಾಕಿದೆ. "ಚುನಾವಣೆಯಲ್ಲಿ ಪಕ್ಷಕ್ಕೆ ಆದ ಹಿನ್ನಡೆಯ ನೈತಿಕ ಹೊಣೆ ಹೊತ್ತು" ಅಂತ ಇತ್ತು. ಕನ್ನಡಕ ಏರಿಸಿ ಪರದೆಗೆ ಮುಖ ತಂದು ಓದಿದರು. "ಹಿನ್ನಡೆ ಅಲ್ಲೊ, ಸೋಲು. ಸೋಲು ಅಂತ ಬರಿ." ತಿದ್ದಿದೆ. ಆಮೇಲೆ ನೋಟ್‌ಬುಕ್ ಬಿಚ್ಚಿದರು. ಬೂತ್ ನಂಬರು, ಊರು, ಬಿದ್ದ ಮತ, ನಮಗೆ ಎಷ್ಟು, ಅವರಿಗೆ ಎಷ್ಟು, ಎಲ್ಲಾ ಕೈಯಲ್ಲೇ ಬರೆದಿದ್ದರು. 11 ಊರುಗಳ ಹೆಸರಿನ ಕೆಳಗೆ ಕೆಂಪು ಪೆನ್ನಿನ ಗೆರೆ.

"ಈ 11 ಊರಿಗೆ ನಾ ಒಮ್ಮೆನೂ ಹೋಗಿಲ್ಲ. ಕಾರ್ಯಕರ್ತರು ಕರದ್ರು, ನಾಳೆ ಬರ್ತೀನಿ ಅಂದೆ, ನಾಳೆ ಆಗಲೇ ಇಲ್ಲ. ಅದನ್ನೂ ಪತ್ರದಾಗ ಬರಿ. ಊರ ಹೆಸರು ಸಹಿತ."

ಅಂಥದ್ದನ್ನು ಯಾರೂ ಬರೆಸಿದ್ದಿಲ್ಲ. ನಾನು ಅನುಮಾನಿಸಿದೆ. "ಕಾಕಾ, ಇದನ್ನ ಬರದ್ರ ಮುಂದ ನಿಮಗೇ ತ್ರಾಸ ಆಗತೈತಿ" ಅಂದೆ. ಅವರು ಸಿಟ್ಟಾಗಲಿಲ್ಲ. "ಇಲ್ಲಾಂದ್ರ ನಾ ಯಾಕ ರಾಜೀನಾಮಿ ಕೊಡಾಕ್ಹತ್ತೀನಿ ಅನ್ನೂದು ಅವರಿಗೆ ಹೆಂಗ ಗೊತ್ತಾಗಬೇಕು?" ಅಂದರು. ಒಂದೊಂದೇ ಹೆಸರು ಓದಿ ಹೇಳಿದರು, ನಾನು ಟೈಪ್ ಮಾಡಿದೆ. ಕೊನೆಗೆ ಸಹಿ ಮಾಡುವಾಗ ಅವರ ಕೈ ಸ್ವಲ್ಪ ನಡುಗಿತು. ಎಷ್ಟಾಯ್ತು ಅಂತ ಕೇಳಿದರು. ನನಗೆ ದುಡ್ಡು ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ.

ನೈತಿಕ ಹೊಣೆ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನನಗೆ ಆ 11 ಹೆಸರು ನೆನಪಾಗುತ್ತವೆ. ಎಲ್ಲಿ ಸೋತೆವು, ಯಾಕೆ ಸೋತೆವು, ನನ್ನ ಪಾಲು ಎಷ್ಟು ಅಂತ ಹೇಳದ ರಾಜೀನಾಮೆ ಅರ್ಧ ರಾಜೀನಾಮೆ. ಹುದ್ದೆ ಬಿಟ್ಟರೆ ಸಾಲದು, ಲೆಕ್ಕ ಒಪ್ಪಿಸಬೇಕು.

ಹಿಂದಿನವರು ಹೇಗಿದ್ದರು? ನಮ್ಮ ಭಾಗದಲ್ಲಿ ಇಂಥದ್ದು ನಡೆದಿದೆಯಾ?

ನಡೆದಿದೆ. ಅದರಲ್ಲಿ ಒಂದನ್ನಂತೂ ನಮ್ಮ ಮಕ್ಕಳಿಗೆ ಹೇಳಲೇಬೇಕು.

1962. ಆಗ ನಮ್ಮ ರಾಜ್ಯದ ಹೆಸರು ಮೈಸೂರು, ಬಾಗಲಕೋಟೆ ಇದ್ದದ್ದು ವಿಜಾಪುರ ಜಿಲ್ಲೆಯಲ್ಲಿ. ಚುನಾವಣೆಯಲ್ಲಿ ಕಾಂಗ್ರೆಸ್ ಗೆದ್ದಿತು. ಆದರೆ ದೊಡ್ಡ ನಾಯಕ ಎಸ್. ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಪಕ್ಷ ಗೆದ್ದಿದೆ, ಮುಖ್ಯಮಂತ್ರಿ ಆಗಬೇಕಾದವರು ಸೋತಿದ್ದಾರೆ. ಶಾಸಕರಲ್ಲದವರೂ ಆರು ತಿಂಗಳು ಮಂತ್ರಿಯಾಗಿರಬಹುದು ಅಂತ ಸಂವಿಧಾನದ 164ನೇ ವಿಧಿ ಹೇಳುತ್ತದೆ. ಆದರೂ ಅವರು ಆ ದಾರಿ ಹಿಡಿಯಲಿಲ್ಲ.

ಮಾರ್ಚ್ 14ಕ್ಕೆ ಮುಖ್ಯಮಂತ್ರಿ ಆದವರು ಎಸ್.ಆರ್. ಕಂಠಿ. ನಮ್ಮ ಹುನಗುಂದದ ಶಾಸಕರು. ಅದಕ್ಕೆ ಮುಂಚೆ ವಿಧಾನಸಭೆಯ ಸ್ಪೀಕರ್ ಆಗಿದ್ದವರು. ಬಾಗಲಕೋಟೆ ಶಾಸಕರಾಗಿದ್ದ ಬಿ.ಟಿ. ಮುರನಾಳ ಅವರು ತಮ್ಮ ಸ್ಥಾನ ಬಿಟ್ಟುಕೊಟ್ಟರು. ಉಪಚುನಾವಣೆಯಲ್ಲಿ ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಅವಿರೋಧವಾಗಿ ಆಯ್ಕೆಯಾದರು. ಜೂನ್‌ನಲ್ಲಿ ಕಂಠಿಯವರು ಕುರ್ಚಿ ಬಿಟ್ಟರು. ಸುಮಾರು ನೂರು ದಿನ ಆಳಿ, ಕೊಟ್ಟ ಮಾತಿನಂತೆ ಇಳಿದರು, ನಿಜಲಿಂಗಪ್ಪನವರ ಸಂಪುಟದಲ್ಲೇ ಶಿಕ್ಷಣ ಮಂತ್ರಿಯಾಗಿ ಕೆಲಸ ಮಾಡಿದರು.

ಮುಖ್ಯಮಂತ್ರಿ ಕುರ್ಚಿಯಲ್ಲಿ ಕೂತವರು ಎದ್ದು ಮಂತ್ರಿಯಾಗುವುದು ಅಂದರೆ ಸಣ್ಣ ಮಾತಲ್ಲ. ವಿಜಯಪುರದ ಸೈನಿಕ ಶಾಲೆ 1963ರಲ್ಲಿ ಶುರುವಾಯಿತು. ಅದು ನಮ್ಮ ಕಡೆ ಬಂದದ್ದರಲ್ಲಿ ಶಿಕ್ಷಣ ಮಂತ್ರಿ ಕಂಠಿಯವರ ಶ್ರಮ ದೊಡ್ಡದು. ಈಗ ವಿಜಯಪುರದ ಮತ ಎಣಿಕೆ ನಡೆಯುವುದೂ ಅದೇ ಸೈನಿಕ ಶಾಲೆಯಲ್ಲಿ. ಎಣಿಕೆ ದಿನ ಆ ಗೇಟಿನ ಹೊರಗೆ ನಿಂತಾಗೆಲ್ಲ ನನಗೆ ಕಂಠಿಯವರು ನೆನಪಾಗುತ್ತಾರೆ. ಹೊರಗೆ ನಿಂತ ಹುಡುಗರಲ್ಲಿ ಎಷ್ಟೋ ಜನಕ್ಕೆ ಅವರ ಹೆಸರೂ ಗೊತ್ತಿಲ್ಲ ಅನ್ನುವುದು ನನಗೆ ನೋವಿನ ವಿಷಯ.

ಬೇರೆ ಚುನಾವಣೆ ಸೋತು ಮುಖ್ಯಮಂತ್ರಿ ಸ್ಥಾನ ಬಿಟ್ಟವರು ಇದ್ದಾರಾ?

ರಾಮಕೃಷ್ಣ ಹೆಗಡೆ. 1984ರ ಡಿಸೆಂಬರ್‌ನ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ ಸಿಕ್ಕಿದ್ದು 4. ಅದು ದೆಹಲಿಯ ಚುನಾವಣೆ, ಇಲ್ಲಿನ ಸರ್ಕಾರಕ್ಕೆ ಕಾನೂನಿನ ಪ್ರಕಾರ ಏನೂ ಆಗುತ್ತಿರಲಿಲ್ಲ. ಆದರೂ ಜನ ನಮ್ಮ ಮೇಲೆ ವಿಶ್ವಾಸ ಇಟ್ಟಿಲ್ಲ ಅಂದುಕೊಂಡು ಹೆಗಡೆ ರಾಜೀನಾಮೆ ಕೊಟ್ಟರು, ವಿಧಾನಸಭೆಗೆ ಹೊಸ ಚುನಾವಣೆ ಕೇಳಿದರು. 1985ರ ಮಾರ್ಚ್‌ನಲ್ಲಿ ಅದೇ ಜನ ಅವರಿಗೆ 139 ಸ್ಥಾನ ಕೊಟ್ಟರು.

ಇದನ್ನು ನಾನು ಹೇಳಿದಾಗ ಅಂಗಡಿಯಲ್ಲಿ ಹಿರಿಯರೊಬ್ಬರು ತಕ್ಷಣ ಇನ್ನೊಂದು ಮಾತು ಸೇರಿಸುತ್ತಾರೆ: "ಅದೇ ಹೆಗಡೇರ್ನ ನಾವ ಸೋಲಿಸಿ ಕಳಿಸೇವಿ." ನಿಜ. 1991ರಲ್ಲಿ ಹೆಗಡೆ ಬಾಗಲಕೋಟೆ ಲೋಕಸಭಾ ಕ್ಷೇತ್ರಕ್ಕೆ ನಿಂತರು. ಜಮಖಂಡಿಯ ಸಿದ್ದು ನ್ಯಾಮಗೌಡರು ಅವರನ್ನು ಸೋಲಿಸಿದರು. ನ್ಯಾಮಗೌಡರು ರೈತರನ್ನು ಕಟ್ಟಿಕೊಂಡು ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿಸಿದ್ದವರು. ಜನ ಬ್ಯಾರೇಜ್ ಸಿದ್ದು ಅಂತಲೇ ಕರೆಯುತ್ತಿದ್ದರು. ನಮ್ಮ ಜನಕ್ಕೆ ನಾಯಕನ ಹೆಸರು ದೊಡ್ಡದಾದರೆ ಸಾಲದು, ಹೊಲಕ್ಕೆ ನೀರು ತಂದವನು ಯಾರು ಅಂತಲೂ ನೋಡುತ್ತಾರೆ.

ರಾಹುಲ್ ಗಾಂಧಿ ರಾಜೀನಾಮೆಗೆ ಅಷ್ಟು ದಿನ ಯಾಕೆ ಹಿಡಿಯಿತು?

2019ರ ಲೋಕಸಭೆಯಲ್ಲಿ ಕಾಂಗ್ರೆಸ್‌ಗೆ 52 ಸ್ಥಾನ ಬಂದವು. ಅಮೇಠಿಯಲ್ಲಿ ಅವರೇ ಸೋತರು, ವಯನಾಡಿನಲ್ಲಿ ಗೆದ್ದರು. ಮೇ 25ರಂದು ಪಕ್ಷದ ಕಾರ್ಯಕಾರಿ ಸಮಿತಿಯಲ್ಲಿ ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಡುತ್ತೇನೆ ಅಂದರು. ಸಮಿತಿ ಒಪ್ಪಲಿಲ್ಲ. ಅವರು ಪಟ್ಟು ಬಿಡಲಿಲ್ಲ. ಜುಲೈ 3ಕ್ಕೆ ನಾಲ್ಕು ಪುಟದ ಪತ್ರವನ್ನು ಎಲ್ಲರೂ ಓದುವಂತೆ ಹೊರಗೆ ಹಾಕಿದರು. ಆಗಸ್ಟ್ 10ಕ್ಕೆ ಸೋನಿಯಾ ಗಾಂಧಿ ಹಂಗಾಮಿ ಅಧ್ಯಕ್ಷರಾದರು. ಚುನಾವಣೆ ಮೂಲಕ ಹೊಸ ಅಧ್ಯಕ್ಷರು ಬಂದದ್ದು 2022ರ ಅಕ್ಟೋಬರ್‌ನಲ್ಲಿ. ಮಲ್ಲಿಕಾರ್ಜುನ ಖರ್ಗೆ ಅವರಿಗೆ 7,897 ಮತ, ಶಶಿ ತರೂರ್ ಅವರಿಗೆ 1,072.

ಪತ್ರ ಬರೆದು ಎಲ್ಲರ ಮುಂದಿಟ್ಟದ್ದು ನನಗೆ ಹಿಡಿಸಿತು. ಆಮೇಲಿನ ಮೂರು ವರ್ಷ ಹಿಡಿಸಲಿಲ್ಲ. ಬಿಟ್ಟ ಜಾಗಕ್ಕೆ ಬೇಗ ಒಬ್ಬರನ್ನು ಆರಿಸದಿದ್ದರೆ ಬಿಟ್ಟದ್ದರಿಂದ ಪಕ್ಷಕ್ಕೆ ಏನು ಉಪಯೋಗ?

ಪಕ್ಷ ಗೆದ್ದು ನಾಯಕರೇ ಸೋತರೆ?

ಎರಡು ತರಹ ಆಗುತ್ತದೆ. 2013ರಲ್ಲಿ ಕಾಂಗ್ರೆಸ್ ರಾಜ್ಯ ಗೆದ್ದಿತು, ಕೆಪಿಸಿಸಿ ಅಧ್ಯಕ್ಷ ಜಿ. ಪರಮೇಶ್ವರ್ ಕೊರಟಗೆರೆಯಲ್ಲಿ ಸೋತರು. ಮುಖ್ಯಮಂತ್ರಿ ಸ್ಥಾನ ಕೈತಪ್ಪಿತು, ಅಧ್ಯಕ್ಷ ಸ್ಥಾನ ಉಳಿಯಿತು. 2021ರಲ್ಲಿ ಮಮತಾ ಬ್ಯಾನರ್ಜಿ ನಂದಿಗ್ರಾಮದಲ್ಲಿ ಸೋತರೂ ಮುಖ್ಯಮಂತ್ರಿಯಾದರು, ಆರು ತಿಂಗಳೊಳಗೆ ಭವಾನಿಪುರದಿಂದ ಗೆದ್ದು ಬಂದರು. ನಮ್ಮಲ್ಲೇ ಸವದಿ ಅವರು 2018ರಲ್ಲಿ ಅಥಣಿಯಲ್ಲಿ ಸೋತಿದ್ದರು. 2019ರ ಆಗಸ್ಟ್‌ನಲ್ಲಿ ಯಾವ ಸದನದ ಸದಸ್ಯರೂ ಅಲ್ಲದಿರುವಾಗ ಉಪಮುಖ್ಯಮಂತ್ರಿ ಆದರು. ಕಾನೂನು ಒಪ್ಪುತ್ತದೆ. ಕಂಠಿ ಮತ್ತು ನಿಜಲಿಂಗಪ್ಪನವರ ಕಥೆ ಗೊತ್ತಿರುವ ನನ್ನ ಮನಸ್ಸು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ.

ರಾಜೀನಾಮೆ ಕೊಡಿ ಅಂತ ಮೇಲಿನವರೇ ಹೇಳಬಹುದಾ?

ಹೇಳುತ್ತಾರೆ. 2022ರ ಮಾರ್ಚ್‌ನಲ್ಲಿ ಐದು ರಾಜ್ಯ ಸೋತ ಮೇಲೆ ಸೋನಿಯಾ ಗಾಂಧಿ ಉತ್ತರ ಪ್ರದೇಶ, ಉತ್ತರಾಖಂಡ, ಪಂಜಾಬ್, ಗೋವಾ, ಮಣಿಪುರದ ಪಕ್ಷದ ಅಧ್ಯಕ್ಷರಿಗೆ ರಾಜೀನಾಮೆ ಕೊಡಲು ಹೇಳಿದರು. ಪತ್ರದಲ್ಲಿ "ಸ್ವಇಚ್ಛೆಯಿಂದ" ಅಂತ ಇದ್ದರೂ ಅದು ಕೇಳಿ ಪಡೆದ ಪತ್ರ.

ಉಚ್ಚಾಟನೆ ಇದಕ್ಕಿಂತ ಬೇರೆ. ಅಲ್ಲಿ ಪತ್ರ ಪಕ್ಷದಿಂದ ಬರುತ್ತದೆ. ವಿಜಯಪುರ ಶಾಸಕ ಬಸನಗೌಡ ಪಾಟೀಲ ಯತ್ನಾಳ ಅವರು ತಮ್ಮದೇ ಪಕ್ಷದ ರಾಜ್ಯಾಧ್ಯಕ್ಷರ ವಿರುದ್ಧ ಬಹಿರಂಗವಾಗಿ ಮಾತಾಡುತ್ತಾ ಬಂದರು. 2025ರ ಮಾರ್ಚ್ 26ರಂದು ಬಿಜೆಪಿ ಅವರನ್ನು ಆರು ವರ್ಷಕ್ಕೆ ಹೊರಗೆ ಹಾಕಿತು. ಪಕ್ಷ ತಾನಾಗಿ ಹೊರಗೆ ಹಾಕಿದರೆ ಶಾಸಕ ಸ್ಥಾನ ಹೋಗುವುದಿಲ್ಲ.

ಗಡಿಯಾಚೆ, ಮಹಾರಾಷ್ಟ್ರದಲ್ಲಿ?

ಬೆಳಗಾವಿ, ನಿಪ್ಪಾಣಿ ಕಡೆಯವರು ಇದನ್ನು ಕೇಳುತ್ತಾರೆ. 2024ರ ಲೋಕಸಭೆಯಲ್ಲಿ ಅಲ್ಲಿ ಬಿಜೆಪಿಗೆ 9 ಸ್ಥಾನ ಮಾತ್ರ ಬಂದಾಗ ದೇವೇಂದ್ರ ಫಡ್ನವೀಸ್ ಅವರು ಉಪಮುಖ್ಯಮಂತ್ರಿ ಸ್ಥಾನದಿಂದ ಬಿಡುಗಡೆ ಮಾಡಿ, ಪಕ್ಷದ ಕೆಲಸ ಮಾಡುತ್ತೇನೆ ಅಂದರು. ಪಕ್ಷ ಒಪ್ಪಲಿಲ್ಲ. ಆ ವರ್ಷದ ಕೊನೆಗೆ ವಿಧಾನಸಭೆ ಗೆದ್ದು ಮುಖ್ಯಮಂತ್ರಿಯಾದರು.

ವಿದೇಶದಲ್ಲಿ ಸೋತ ಮರುದಿನವೇ ಬಿಡ್ತಾರಂತೆ, ನಿಜಾನಾ?

ಬ್ರಿಟನ್‌ನಲ್ಲಿ ಹೆಚ್ಚುಕಡಿಮೆ ಹಾಗೇ ರೂಢಿ. 2015ರ ಮೇ 8ರಂದು ಒಂದೇ ದಿನ ಮೂರು ಪಕ್ಷದ ನಾಯಕರು ರಾಜೀನಾಮೆ ಹೇಳಿದರು: ಎಡ್ ಮಿಲಿಬ್ಯಾಂಡ್, ನಿಕ್ ಕ್ಲೆಗ್, ನೈಜೆಲ್ ಫರಾಜ್. ಫರಾಜ್ ಅವರದ್ದನ್ನು ಅವರ ಪಕ್ಷ ಒಪ್ಪಲಿಲ್ಲ, ಕೆಲವೇ ದಿನಕ್ಕೆ ಮತ್ತೆ ಬಂದರು. ಅಂದರೆ ಅಲ್ಲೂ ನಮ್ಮಂಥದ್ದು ಇದೆ.

ರಾಜ್ಯಾಧ್ಯಕ್ಷರು ರಾಜೀನಾಮೆ ಕೊಟ್ಟರೆ ನಮ್ಮ ಬ್ಲಾಕ್ ಸಮಿತಿ, ಬೂತ್ ಸಮಿತಿ ತಾನಾಗಿ ಹೋಗುತ್ತಾ?

ಇಲ್ಲ. ಅವರು ಹೋದರೂ ಸಮಿತಿ ಇರುತ್ತದೆ, ಮೇಲಿನವರು ವಿಸರ್ಜನೆ ಮಾಡುವ ತನಕ. ಉಲ್ಟಾ ಕೂಡ ಆಗಿದೆ. 2019ರ ಲೋಕಸಭೆಯಲ್ಲಿ ರಾಜ್ಯದಲ್ಲಿ ಕಾಂಗ್ರೆಸ್‌ಗೆ ಒಂದೇ ಸ್ಥಾನ ಬಂತು. ಜೂನ್‌ನಲ್ಲಿ ದೆಹಲಿಯವರು ಇಡೀ ಕೆಪಿಸಿಸಿ ಸಮಿತಿಯನ್ನು ವಿಸರ್ಜಿಸಿದರು, ಅಧ್ಯಕ್ಷ ಮತ್ತು ಕಾರ್ಯಾಧ್ಯಕ್ಷರನ್ನು ಮಾತ್ರ ಉಳಿಸಿದರು. ಅದೇ ತಿಂಗಳು ಜೆಡಿಎಸ್‌ನಲ್ಲಿ ರಾಜ್ಯಾಧ್ಯಕ್ಷ ಎಚ್. ವಿಶ್ವನಾಥ್ ಸೋಲಿನ ಹೊಣೆ ಹೊತ್ತು ತಾವೇ ಬಿಟ್ಟರು. ಎರಡು ಪಕ್ಷ, ಎರಡು ದಾರಿ.

ನಾಯಕರು ರಾಜೀನಾಮೆ ಕೊಟ್ಟರೆ ಸೋತ ಅಭ್ಯರ್ಥಿಯ ಖರ್ಚಿನ ಲೆಕ್ಕ ಮಾಫಿನಾ?

ಮಾಫಿ ಇಲ್ಲ. ಗೆದ್ದವರೂ ಸೋತವರೂ ಫಲಿತಾಂಶ ಬಂದ 30 ದಿನದೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಕೊಡಬೇಕು. ನಮ್ಮ ರಾಜ್ಯದಲ್ಲಿ ವಿಧಾನಸಭೆಗೆ ಮಿತಿ 40 ಲಕ್ಷ ರೂಪಾಯಿ, ಲೋಕಸಭೆಗೆ 95 ಲಕ್ಷ. ಕೊಡದಿದ್ದರೆ ಆಯೋಗ ಮೂರು ವರ್ಷ ಅನರ್ಹ ಮಾಡಬಹುದು. ಬಿಲ್ಲು ಹುಡುಕಿಕೊಂಡು 29ನೇ ದಿನ ನನ್ನ ಅಂಗಡಿಗೆ ಓಡಿ ಬರುವವರು ಪ್ರತಿ ಸಲ ಇದ್ದೇ ಇರುತ್ತಾರೆ. ದಯವಿಟ್ಟು ಮೊದಲ ವಾರವೇ ಬನ್ನಿ.

ಬಿಟ್ಟವರೇ ಮತ್ತೆ ಬರ್ತಾರೆ. ಹಾಗಾದರೆ ರಾಜೀನಾಮೆಗೆ ಬೆಲೆ ಎಲ್ಲಿ?

ಮತ್ತೆ ಬರುವುದು ತಪ್ಪಲ್ಲ. 2019ರಲ್ಲಿ ಕಲಬುರಗಿಯಲ್ಲಿ ಸೋತ ಖರ್ಗೆ ಅವರು ಪಕ್ಷದ ರಾಷ್ಟ್ರೀಯ ಅಧ್ಯಕ್ಷರಾದರು. ಅದೇ ವರ್ಷ ಪತ್ರ ಕೊಟ್ಟ ಸಿದ್ದರಾಮಯ್ಯನವರು 2023ರ ಮೇ 20ರಂದು ಮುಖ್ಯಮಂತ್ರಿಯಾದರು, ದಿನೇಶ್ ಗುಂಡೂರಾವ್ ಆರೋಗ್ಯ ಮಂತ್ರಿಯಾದರು. ಸೋತವರನ್ನು ಮೂಲೆಗೆ ತಳ್ಳಿ ಅಂತ ನಾನು ಹೇಳುತ್ತಿಲ್ಲ. ಮಧ್ಯದ ದಿನಗಳಲ್ಲಿ ಏನು ಮಾಡಿದರು ಅನ್ನುವುದನ್ನು ನೋಡಿ ಅನ್ನುತ್ತಿದ್ದೇನೆ.

ಕಾಕಾ ಆ ಪತ್ರ ಕೊಟ್ಟ ಮೇಲೆ ಬೈಕ್ ಹತ್ತಿ ಆ 11 ಊರಿಗೂ ಹೋಗಿ ಬಂದರು. ಕೈಯಲ್ಲಿ ಬಾವುಟ ಇಲ್ಲ, ಜೊತೆಗೆ ಜನ ಇಲ್ಲ. ಕಟ್ಟೆ ಮೇಲೆ ಕೂತು, ಕೊಟ್ಟ ಚಹಾ ಕುಡಿದು, ಬೈದದ್ದನ್ನು ಕೇಳಿಸಿಕೊಂಡು ಬಂದರಂತೆ. ಒಂದೂರಿನಲ್ಲಿ ಅಜ್ಜಿಯೊಬ್ಬರು "ಈಗ ಬಂದಿ, ಆಗ ಬರಬೇಕಾಗಿತ್ತು ನೋಡಪಾ" ಅಂದಿದ್ದನ್ನು ನನ್ನ ಮುಂದೆ ಹೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು.

ಕಾರ್ಯಕರ್ತರಾಗಿ ನಾವು ಏನು ಕೇಳಬೇಕು?

ನಾಯಕರು ಬಿಟ್ಟರೋ ಇಲ್ಲವೋ ಅನ್ನುವುದರ ಮೇಲೇ ಜಗಳ ಆಡಬೇಡಿ. ಬೂತ್‌ವಾರು ಲೆಕ್ಕ ಎಲ್ಲಿದೆ ಅಂತ ಕೇಳಿ. ಸಭೆ ಕರೆಯಿರಿ ಅನ್ನಿ. ಆ ಸಭೆಯಲ್ಲಿ ಮೊದಲು ಬೂತ್ ಏಜೆಂಟರಿಗೆ ಮಾತಾಡಲು ಬಿಡಿ, ವೇದಿಕೆಯವರು ಆಮೇಲೆ ಮಾತಾಡಲಿ. ಬೆಳಿಗ್ಗೆ ಏಳಕ್ಕೆ ಮುಂಚೆ ಬೂತಿಗೆ ಹೋಗಿ ಸಂಜೆ ತನಕ ಊಟ ಸರಿಯಾಗಿ ಮಾಡದೆ ಕೂತವರು ಅವರು. ಸೋಲಿನ ಸುದ್ದಿ ಊರಲ್ಲಿ ಮೊದಲು ಎದುರಿಸಿದವರೂ ಅವರೇ. ನಾಯಕರ ರಾಜೀನಾಮೆ ಟಿವಿಯಲ್ಲಿ ಬರುತ್ತದೆ, ಇವರ ಬೇಸರ ಯಾರ ಕಣ್ಣಿಗೂ ಬೀಳುವುದಿಲ್ಲ. ಇದು ನನ್ನನ್ನು ಎಷ್ಟು ಕಾಡುತ್ತದೆ ಅಂದರೆ, ಎಣಿಕೆ ಮಾರನೇ ದಿನ ಯಾವ ಪಕ್ಷದ ಬೂತ್ ಹುಡುಗ ಬಂದರೂ ನಾನು ಕೂರಿಸಿ ಚಹಾ ತರಿಸುತ್ತೇನೆ.

ನಾನೂ ಒಂದು ಹುದ್ದೆಯಲ್ಲಿದ್ದೇನೆ. ರಾಜೀನಾಮೆ ಪತ್ರ ಬರೆಯುವುದು ಹೇಗೆ?

ಯಾರಿಗೆ, ಯಾವ ಹುದ್ದೆಗೆ, ಯಾವ ದಿನದಿಂದ ಅನ್ನುವುದು ಸ್ಪಷ್ಟ ಇರಲಿ. ಪಕ್ಷದಲ್ಲಿ ಉಳಿಯುವುದಾದರೆ "ಸದಸ್ಯನಾಗಿ ಮುಂದುವರಿಯುತ್ತೇನೆ" ಅಂತ ಒಂದು ಸಾಲು ಹಾಕಿ. ಸೋಲಿಗಾಗಿ ಬಿಡುತ್ತಿದ್ದರೆ "ವೈಯಕ್ತಿಕ ಕಾರಣ" ಅಂತ ಬರೆಯಬೇಡಿ. ಕಚೇರಿಯ ಬೀಗದ ಕೈ, ರಸೀದಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ಸದಸ್ಯತ್ವದ ಪಟ್ಟಿ ಯಾರಿಗೆ ಒಪ್ಪಿಸಿದಿರಿ ಅನ್ನುವುದನ್ನು ಕೆಳಗೆ ಬರೆದು ಅವರ ಸಹಿ ಹಾಕಿಸಿ.

ಮತ್ತೆ ಒಂದು ಮಾತು. ಎರಡು ಪ್ರತಿ ತೆಗೆಯಿರಿ. ಒಂದರ ಮೇಲೆ ಜಿಲ್ಲಾ ಕಚೇರಿಯವರ ಸ್ವೀಕೃತಿ ಸಹಿ, ದಿನಾಂಕ, ಮೊಹರು ಹಾಕಿಸಿಕೊಂಡು ಮನೆಯಲ್ಲಿ ಇಡಿ. ಕಾಕಾ ಹಾಗೆ ಮಾಡಲಿಲ್ಲ. ಆರು ತಿಂಗಳ ಮೇಲೆ ಕೇಳಿದರೆ "ನಿಮ್ಮ ಪತ್ರ ನಮಗೆ ಮುಟ್ಟೇ ಇಲ್ಲ" ಅಂದರು. ಕಾಕಾ ಮತ್ತೆ ಅಂಗಡಿಗೆ ಬಂದರು. ಫೈಲ್ ನನ್ನ ಕಂಪ್ಯೂಟರಿನಲ್ಲಿತ್ತು. 11 ಊರಿನ ಹೆಸರು ಸಮೇತ ಇನ್ನೊಂದು ಪ್ರಿಂಟ್ ತೆಗೆದು ಕೊಟ್ಟೆ. ಈ ಸಲ ಸಹಿ ಮಾಡುವಾಗ ಕೈ ನಡುಗಲಿಲ್ಲ. ಎದ್ದು ನೇರವಾಗಿ ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ ಪೋಸ್ಟ್ ಮಾಡಿ, ರಸೀದಿಯನ್ನು ತಂದು ನನಗೆ ತೋರಿಸಿದರು.